ಆನೈಮಲೈ ರೂಟಿಗೆ ಯಾವ ಕಾರು?

ಕೊಯಮತ್ತೂರು ಬಿಟ್ಟು ಕಿಣತ್ತುಕಡವು ದಾಟುತ್ತಿದ್ದಂತೆ ಡ್ಯಾಶ್‌ಬೋರ್ಡಿನಲ್ಲಿ ಆ ಕಿತ್ತಳೆ ದೀಪ ಹತ್ತಿತು. ನಮ್ಮ ಡ್ರೈವರಣ್ಣ ಅದನ್ನು ನೋಡಿಯೂ ನೋಡದವನ ಹಾಗೆ ಗೇರು ಬದಲಿಸಿದ.

"ಅಣ್ಣಾ, ದೀಪ," ಅಂದೆ.

"ಅದು ಸುಮ್ಮ ಹತ್ತುತ್ತೆ ಸಿಸ್ಟರ್. ಆಮೇಲೆ ತಾನೇ ಹೋಗುತ್ತೆ."

ದೀಪ ಹೋಗಲಿಲ್ಲ, ಕಾರೇ ಹೋಯಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ಎಳೆತವೇ ಇಲ್ಲ. ಪೊಳ್ಳಾಚಿ ಬಸ್ಸುಗಳು ಹಿಂದಿನಿಂದ ಬಂದು ಕಿವಿ ಹರಿಯುವಂತೆ ಹಾರ್ನ್ ಹೊಡೆದು ಮುಂದೆ ಹೋದವು. ಕೊನೆಗೆ ರಸ್ತೆ ಬದಿಯಲ್ಲಿ ನಿಲ್ಲಿಸಿ, ಇಳಿದು, ಬಿಸಿಲಿನಲ್ಲಿ ಎಳೆದೊಯ್ಯುವ ಗಾಡಿಗೆ ಕಾಯುತ್ತಾ ನಿಂತೆವು. ಆ ವರ್ಷ ಹೀಗಾದದ್ದು ಇದು ಮೊದಲ ಸಲವೇನಲ್ಲ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಹೆಚ್ಚು.

ನಮ್ಮದು ಕೊಯಮತ್ತೂರಿನ ಒಂದು ಸಣ್ಣ ಟ್ರಸ್ಟ್. ಇನ್ನು ವಾಸಿಯಾಗುವುದಿಲ್ಲವೆಂದು ಆಸ್ಪತ್ರೆಯಿಂದ ಮನೆಗೆ ಕಳಿಸಿದ ಕ್ಯಾನ್ಸರ್ ರೋಗಿಗಳ ಬಾಗಿಲಿಗೇ ಹೋಗಿ ಗಾಯ ತೊಳೆದು, ಕಟ್ಟು ಹಾಕಿ, ನೋವಿನ ಮಾತ್ರೆ ಕೊಟ್ಟು ಬರುವುದು ಕೆಲಸ. ನಾನು ಅಲ್ಲಿ ನರ್ಸ್. ಮಾರ್ಫಿನ್ ಮಾತ್ರೆ ಅಂಗಡಿಯಲ್ಲಿ ಕೇಳಿದರೆ ಸಿಗುವಂಥದ್ದಲ್ಲ. ಡಾಕ್ಟರು ಬರೆದಷ್ಟನ್ನು, ಎರಡು ವಾರಕ್ಕೆ ಆಗುವಷ್ಟು, ಬೀಗದ ಪೆಟ್ಟಿಗೆಯಲ್ಲಿಟ್ಟು ಟ್ರಸ್ಟ್ ಗೊತ್ತುಮಾಡಿದ ಕಾರಿನಲ್ಲೇ ಒಯ್ಯಬೇಕೆಂಬುದು ನಮ್ಮ ಕಟ್ಟಳೆ. ಬಸ್ಸಿನಲ್ಲಿ ಚೀಲಕ್ಕೆ ಹಾಕಿಕೊಂಡು ಹೋಗುವ ಹಾಗಿಲ್ಲ. ಅಂದರೆ ಕಾರು ನಿಂತಿತೆಂದರೆ ಮಾತ್ರೆಯೂ ನಿಂತಿತು.

ಅವತ್ತು ನಾವು ಹೊರಟಿದ್ದು ಆನೈಮಲೈಯ ಒಬ್ಬ ಅಮ್ಮನ ಮನೆಗೆ. ತೆಂಗಿನ ನಾರಿನ ಫ್ಯಾಕ್ಟರಿಗೆ ಹೋಗುವ ಮಗ, ಸೊಸೆಯ ಜೊತೆ ಇದ್ದಾರೆ. ಎದೆಯ ಗಾಯ ಒಡೆದಿತ್ತು. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದ ಒಕ್ಕಲು ಮನೆ. ನಾನು ಚಾಮರಾಜನಗರದ ಕಡೆಯವಳೆಂದು ಗೊತ್ತಾದ ದಿನದಿಂದ ನನ್ನ ಜೊತೆ ತಮಿಳು ಮಾತಾಡುವುದನ್ನೇ ಬಿಟ್ಟಿದ್ದರು. ಫೋನ್ ಮಾಡಿ, ಬರಲಾಗುವುದಿಲ್ಲ ಎಂದೆ.

"ಆಗ್ಲಿ ಅಮ್ಮಣಿ. ಮಾತ್ರೆ ಇದೆ. ನೀ ಬಿಸ್ಲಲ್ಲಿ ನಿಲ್ಬೇಡ," ಅಂದರು.

ಕಾರನ್ನು ಪೆರಿಯನಾಯಕನಪಾಳ್ಯಂನ ವರ್ಕ್‌ಶಾಪಿಗೆ ಎಳೆಸಿದೆವು. ಅಲ್ಲಿಯ ಸರ್ವಿಸ್ ಅಡ್ವೈಸರ್, ಕೂದಲಿಗೆ ಜೆಲ್ ಹಾಕಿದ ಚುರುಕು ಮಾತಿನವನು, ಆಯಿಲ್ ಕಡ್ಡಿ ಎಳೆದು ನನ್ನ ಮೂಗಿನ ಹತ್ತಿರ ಹಿಡಿದ. ಡೀಸೆಲ್ ವಾಸನೆ. ಆಯಿಲಿನ ಮಟ್ಟ ಇಳಿಯುವ ಬದಲು ಮೇಲೇರಿತ್ತು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಂಡಿದೆ, ಕಂಪ್ಯೂಟರ್ ಹಾಕಿ ಸುಡಿಸಬೇಕು, ಇನ್ನೊಂದು ಸಲ ಹೀಗಾದರೆ ಫಿಲ್ಟರನ್ನೇ ಬದಲಿಸಬೇಕು ಎಂದ. ಯಾಕೆ ಹೀಗಾಗುತ್ತೆ ಎಂದು ಕೇಳಿದ್ದಕ್ಕೆ, "ನೀವು ಲಾಂಗ್ ಡ್ರೈವ್ ಹೋಗಲ್ಲ ಮೇಡಂ," ಎಂದು ಫೋನ್ ಎತ್ತಿಕೊಂಡ. ಲಾಂಗ್ ಡ್ರೈವ್! ನಾವೇನು ಹನಿಮೂನಿಗೆ ಕಾರು ಇಟ್ಟುಕೊಂಡಿದ್ದೇವಾ?

ಟ್ರಸ್ಟಿನ ಕಾರ್ಯದರ್ಶಿ ನಿವೃತ್ತ ಬ್ಯಾಂಕ್ ಅಧಿಕಾರಿ. ಕೆಟ್ಟ ಮನುಷ್ಯನಲ್ಲ, ಆದರೆ ಯಾವುದನ್ನು ಕೇಳಿದರೂ ಮೊದಲು ಇಲ್ಲ ಎನ್ನುವ ಅಭ್ಯಾಸ. ಅವರು ಅಂದೇ ತೀರ್ಮಾನ ಮಾಡಿದ್ದರು. ತಿರುಪ್ಪೂರಿನ ಒಬ್ಬ ಬನಿಯನ್ ರಫ್ತುದಾರರು ಹೊಸ ಕಾರು ಕೊಡಿಸಲು ಒಪ್ಪಿದ್ದಾರೆ, ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಡೋಣ ಎಂದರು.

"ಕಾರಲ್ಲಿ ಓಡಾಡುವವಳು ನೀನು. ಡೀಸೆಲ್ಲಾ, ಹೈಬ್ರಿಡ್ಡಾ, ಎಲೆಕ್ಟ್ರಿಕ್ಕಾ, ನೀನೇ ನೋಡಿ ಹೇಳು. ಹತ್ತು ವರ್ಷ ಓಡಬೇಕು. ಆ ಆನೈಮಲೈ ದೂರವೇ ಕಷ್ಟ ಆಗುವುದಾದರೆ ಆ ರೂಟನ್ನು ಬಿಟ್ಟುಬಿಡೋಣ. ಅಲ್ಲಿಯವರು ಪೊಳ್ಳಾಚಿ ಸರ್ಕಾರಿ ಆಸ್ಪತ್ರೆಗೆ ಹೋಗಲಿ," ಎಂದರು.

ಮೈಯೆಲ್ಲ ಉರಿಯಿತು. ಹಾಸಿಗೆಯಿಂದ ಬಚ್ಚಲಿಗೆ ಹೋಗಲು ಸೊಸೆಯ ಹೆಗಲು ಹಿಡಿಯುವ ಹೆಂಗಸು, ಬಸ್ಸು ಹತ್ತಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಂತೆ. ಹಾಗಾದರೆ ನಾವು ಇರುವುದು ಯಾತಕ್ಕೆ? ಆದರೆ ಕಾರು ಆರಿಸುವ ಕೆಲಸ ನನ್ನ ಕೈಗೆ ಬಂದಿದೆಯಲ್ಲ, ಆನೈಮಲೈಗೆ ಹೋಗಿ ಬರುವ ಕಾರನ್ನೇ ಆರಿಸಿದರಾಯಿತು ಎಂದುಕೊಂಡೆ. ಅಷ್ಟು ಸುಲಭವೆಂದು ಯಾಕೆ ಅನ್ನಿಸಿತೋ!

ಕಾರಿನ ವಿಷಯದಲ್ಲಿ ಈ ಊರಿನಲ್ಲಿ ಅಭಿಪ್ರಾಯ ಇಲ್ಲದವರೇ ಇಲ್ಲ. ಮೋಟಾರು ಮಾಡುವ ಊರು, ಪಂಪು ಮಾಡುವ ಊರು, ಟೀ ಅಂಗಡಿಯವನೂ ಬ್ಯಾಟರಿ ರಸಾಯನಶಾಸ್ತ್ರ ಹೇಳುತ್ತಾನೆ. ಹೆಚ್ಚು ಓಡುವವರಿಗೆ ಡೀಸೆಲ್ಲೇ ಸರಿ ಎಂದ ಒಬ್ಬ. ಡೀಸೆಲ್ ಯುಗ ಮುಗೀತು, ನಾಳೆ ಮಾರಲು ಹೋದರೆ ಕೇಳುವವರಿಲ್ಲ ಎಂದ ಇನ್ನೊಬ್ಬ. ಎಲೆಕ್ಟ್ರಿಕ್ ಆದರೆ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಬೆಲ್ಟ್ ಇಲ್ಲ, ಕೆಡಲು ಏನಿದೆ ಎಂದ ಮಾರಾಟದ ಹುಡುಗಿಯನ್ನು, ಬ್ಯಾಟರಿ ವಾರಂಟಿ ಮುಗಿದ ಮಾರನೆಯ ವರ್ಷ ಏನಾಗುತ್ತದೆ ಎಂದು ಕೇಳಿದೆ. ನಕ್ಕು, ಕಾಫಿ ಬೇಕಾ ಮೇಡಂ ಅಂದಳು. ಡ್ರೈವರಣ್ಣನದು ಒಂದೇ ಮಾತು.

"ನಂಗೆ ಕೈಗೆ ಗೇರು ಬೇಕು, ಕಿವಿಗೆ ಎಂಜಿನ್ ಸದ್ದು ಬೇಕು ಸಿಸ್ಟರ್. ಸದ್ದಿಲ್ದೆ ಓಡೋದು ವಂಡಿನಾ, ಪೇಯಾ?"

ಅವನದೂ ಇಲ್ಲಿಯದೇ ಹಳೆಯ ನೇಕಾರರ ಮನೆ. ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ತಮಿಳು, ಬೈಯುವಾಗ ಎರಡೂ. ಗಾಡಿ ಅವನಿಗೆ ವಂಡಿ, ದೆವ್ವ ಪೇಯ್.

ಮೊದಲು ಪರೀಕ್ಷೆಗೆ ತಂದದ್ದು ಹೈಬ್ರಿಡ್. ಪೆಟ್ರೋಲ್ ಎಂಜಿನ್ನೂ ಮೋಟಾರೂ ಎರಡೂ ಇರುವಂಥದ್ದು. ಚಾರ್ಜಿಗೆ ಹಾಕುವ ಗೋಜಿಲ್ಲ, ಬ್ರೇಕ್ ಹಿಡಿದಾಗ ತಾನೇ ಬ್ಯಾಟರಿ ತುಂಬಿಕೊಳ್ಳುತ್ತದೆ. ಪೆರಿಯನಾಯಕನಪಾಳ್ಯಂನ ಮಿಲ್ಲು ಬೀದಿಗಳಲ್ಲಿ, ನಿಂತು ನಿಂತು ಹೋಗುವ ನಮ್ಮ ಓಟಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಡ್ರೈವರಣ್ಣನೂ ಒಳಗೊಳಗೇ ಖುಷಿಯಾಗಿದ್ದ. ಡಿಕ್ಕಿ ತೆರೆದಾಗ ಮೊದಲ ತಕರಾರು. ಹಿಂದೆ ಬ್ಯಾಟರಿ ಕೂತು ಜಾಗ ನುಂಗಿತ್ತು. ಆಕ್ಸಿಜನ್ ಯಂತ್ರ ಇಟ್ಟರೆ ಮಡಚುವ ಕಮೋಡ್ ಕುರ್ಚಿ ಹಿಡಿಸದು, ಕುರ್ಚಿ ಇಟ್ಟರೆ ಡ್ರೆಸ್ಸಿಂಗ್ ಪೆಟ್ಟಿಗೆ ನನ್ನ ಮಡಿಲಿಗೆ. ಆಗಲಿ, ಹೇಗೋ ಹೊಂದಿಸೋಣ ಎಂದುಕೊಂಡೆ.

ಎರಡನೆಯ ತಕರಾರು ಒಬ್ಬ ಮಿಲ್ ಕಾರ್ಮಿಕನ ಮನೆಯ ಮುಂದೆ ಆಯಿತು. ಔಷಧಿ ಬಿಸಿಯಾಗಬಾರದೆಂದು ಶೋರೂಮಿನವನು ಏಸಿ ಹಾಕಿಕೊಂಡೇ ಕಾರಿನೊಳಗೆ ಕೂತಿದ್ದ. ನಾನು ರೋಗಿಯ ಕಟ್ಟು ಬಿಚ್ಚುತ್ತಿದ್ದಾಗ ಹೊರಗೆ ಎಂಜಿನ್ ತನ್ನಷ್ಟಕ್ಕೆ ತಾನೇ ಗುರ್ ಎಂದು ಶುರುವಾಯಿತು. ಬ್ಯಾಟರಿ ಇಳಿದರೆ ಅದು ಹಾಗೆಯೇ. ಒಂದು ನಿಮಿಷದಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಬಾಗಿಲಲ್ಲಿ! ಒಬ್ಬಳಂತೂ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಲೇ ಬಂದಳು. ಕಾಯಿಲೆಯ ಮನೆಯ ಮುಂದೆ ಎಂಜಿನ್ ಆರಿಸದೆ ವಾಹನ ನಿಂತಿದೆಯೆಂದರೆ ಆ ಬೀದಿಗಳಲ್ಲಿ ಅರ್ಥ ಒಂದೇ, ಒಂದೋ ಐಸಿಯುಗೆ ಒಯ್ಯುತ್ತಿದ್ದಾರೆ, ಇಲ್ಲವೇ ಎಲ್ಲ ಮುಗಿದಿದೆ. ಮಂಚದ ಮೇಲಿದ್ದವನು ಎಲ್ಲವನ್ನೂ ಕೇಳುತ್ತಾ ಮಲಗಿದ್ದ. "ನನಗಾಗಿ ಅಳ್ತಿದಾರಾ ಸಿಸ್ಟರ್?" ಎಂದ. ಆ ಹೈಬ್ರಿಡ್ಡನ್ನು ಅಲ್ಲೇ ಕಲ್ಲು ಎತ್ತಿ ಒಡೆಯಬೇಕು ಅನ್ನಿಸಿತು.

ಇದಕ್ಕಾಗಿಯೇ ನಮ್ಮ ತಂಡದಲ್ಲಿ ನಾನು ಸೇರುವುದಕ್ಕೂ ಮುಂಚಿನ ಒಂದು ಪದ್ಧತಿ ಇದೆ. ರೋಗಿಯ ಬೀದಿಯ ತಿರುವಿನಲ್ಲೇ ಎಂಜಿನ್ ಆಫ್ ಮಾಡಿ, ಕಾರನ್ನು ಸದ್ದಿಲ್ಲದೆ ಉರುಳಿಸಿಕೊಂಡು ಬಾಗಿಲಿಗೆ ತರುವುದು. ಡ್ರೈವರಣ್ಣ ಇದರಲ್ಲಿ ಪಳಗಿದವನು. ಅದನ್ನು ಶೋರೂಮಿನವನಿಗೆ ಬಿಡಿಸಿ ಹೇಳುತ್ತಿದ್ದಂತೆ ನಮ್ಮ ಡೀಸೆಲ್ ಕಾರು ನೆನಪಾಯಿತು. ಪ್ರತಿ ತಿರುವಿನಲ್ಲೂ ಆಫ್. ದಿನಕ್ಕೆ ಎಷ್ಟು ಮನೆಯೋ ಅಷ್ಟು ಸಲ ಆಫ್.

ನೇರ ವರ್ಕ್‌ಶಾಪಿಗೆ ಹೋದೆ. ಜೆಲ್ಲಿನವನ ಫೋನು ಕೆಳಗಿಡಿಸಿ, ಮಸಿ ಸುಡುವಾಗ ಎಂಜಿನ್ ಆರಿಸಿದರೆ ಏನಾಗುತ್ತದೆ ಎಂದು ಕೇಳಿದೆ. ಆಗ ಬಾಯಿ ಬಿಟ್ಟ. ಫಿಲ್ಟರಿನಲ್ಲಿ ಮಸಿ ತುಂಬಿದಾಗ ಎಂಜಿನ್ ತಾನೇ ಹೆಚ್ಚು ಡೀಸೆಲ್ ಬಿಟ್ಟು, ಕಾಯಿಸಿ, ಆ ಮಸಿಯನ್ನು ಸುಡುತ್ತದೆ. ಅದಕ್ಕೆ ಸ್ವಲ್ಪ ಹೊತ್ತು ನಿಲ್ಲದ ಓಟ ಬೇಕು. ನಡುವೆ ಆರಿಸಿದರೆ ಮಸಿ ಅರ್ಧಕ್ಕೇ ಉಳಿಯುತ್ತದೆ, ಸುಡದ ಡೀಸೆಲ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಕಡ್ಡಿಯ ವಾಸನೆ ಅದೇ. ಇದನ್ನು ಮೊದಲ ದಿನವೇ ಹೇಳಬಹುದಿತ್ತಲ್ಲಪ್ಪಾ ಅಂದರೆ, "ಯಾರು ಮೇಡಂ ಹಾಗೆ ತಿರುವಿಗೊಂದು ಸಲ ಆಫ್ ಮಾಡ್ತಾರೆ?" ಎಂದು ನನ್ನನ್ನೇ ಕೇಳಿದ.

ಡ್ರೈವರಣ್ಣನಿಗೆ ಹೇಳಿದರೆ ಅವನ ಮುಖ ಕೆಂಪಾಯಿತು. "ಅಂದ್ರೆ ಮರ್ಯಾದೆ ಮಾಡಿ ಮಾಡಿ ನಾನೇ ವಂಡಿ ಕೊಂದ್ನಾ? ಚೆನ್ನಾಗಿದೆ ನ್ಯಾಯ!" ಎಂದು ಚಹಾ ಕುಡಿಯದೆ ಎದ್ದು ಹೋದ.

ಕಾರ್ಯದರ್ಶಿಗೆ ಹೇಳಿದೆ. ಕೇಳಿಕೊಂಡರು. ಎಕ್ಸ್‌ಚೇಂಜಿಗೆ ಮಾತಾಗಿದೆ, ಈಗ ಹಿಂದೆ ಸರಿಯಲಾಗದು ಎಂದರು. ಅಷ್ಟೇ ಅಲ್ಲ, ದಾನಿಗಳಿಗೆ ಎಲೆಕ್ಟ್ರಿಕ್ ಇಷ್ಟ, ಮಿಕ್ಕದ್ದನ್ನು ಸುಮ್ಮನೆ ನೋಡು ಎಂದರು. ಹೈಬ್ರಿಡ್ ಅಂದರೆ ಕೊನೆಗೂ ಪೆಟ್ರೋಲೇ ತಾನೇ ಎಂದು ದಾನಿ ಮೂಗು ಮುರಿದಿದ್ದರಂತೆ. ಹಾಗಾದರೆ ನನ್ನ ಕೈಲಿ ಊರೆಲ್ಲ ಯಾಕೆ ಸುತ್ತಿಸಿದಿರಿ? ಇದನ್ನು ಬಾಯಿಬಿಟ್ಟು ಕೇಳಿಯೇಬಿಟ್ಟೆ. ಅವರು ಕನ್ನಡಕ ಒರೆಸಿಕೊಂಡರು.

ಅಷ್ಟರಲ್ಲಿ ಆನೈಮಲೈಗೆ ಹೋಗದೆ ದಿನಗಳಾಗುತ್ತಿದ್ದವು. ಮಸಿ ಸುಡಿಸಿ, ಆಯಿಲ್ ಬದಲಿಸಿ ತಂದ ಹಳೇ ಕಾರನ್ನು ಎಕ್ಸ್‌ಚೇಂಜಿನವರೆಗೂ ಮುಟ್ಟಬೇಡಿ ಎಂದಿದ್ದರು ಕಾರ್ಯದರ್ಶಿ. ಊರೊಳಗಿನ ಮನೆಗಳಿಗೆ ಬಾಡಿಗೆ ಕಾರು ಒಪ್ಪಿದ್ದರು, ಅಷ್ಟು ದೂರಕ್ಕೆ ಇಲ್ಲ. ಫೋನ್ ಮಾಡಿದಾಗಲೆಲ್ಲ ಆ ಅಮ್ಮ, "ಮಾತ್ರೆ ಇದೆ ಅಮ್ಮಣಿ, ಮೆಲ್ಲ ಬಾ" ಎನ್ನುತ್ತಿದ್ದರು. ಮಗನನ್ನು ಕಳಿಸಿ, ಆಫೀಸಿನಲ್ಲೇ ಕೊಡುತ್ತೇನೆ ಎಂದರೆ, ಅವನ ಒಂದು ದಿನದ ಕೂಲಿ ಹೋಗುತ್ತೆ, ಬೇಡ ಎನ್ನುತ್ತಿದ್ದರು. ಇದೆ ಅಂದಮೇಲೆ ಇದೆ ಎಂದು ನಾನೂ ನಂಬಿದೆ. ಕಟ್ಟು ಬದಲಿಸುವುದನ್ನು ಸೊಸೆಗೆ ಫೋನಿನಲ್ಲೇ ಹೇಳಿಕೊಡುತ್ತಿದ್ದೆ.

ಎಲೆಕ್ಟ್ರಿಕ್ ಕಾರಿನ ಪರೀಕ್ಷೆಯನ್ನು ಶೋರೂಮಿನವರು ಊರೊಳಗಿನ ಅವಿನಾಶಿ ರಸ್ತೆಯಲ್ಲಿ ಮಾಡಿಸುತ್ತೇವೆ ಎಂದರು. ನಾನು ಹಟ ಹಿಡಿದೆ. ಆನೈಮಲೈಗೇ ಹೋಗಬೇಕು, ಪೆಟ್ಟಿಗೆ, ಯಂತ್ರ, ಕುರ್ಚಿ ಎಲ್ಲ ಹೇರಿಕೊಂಡೇ ಹೋಗಬೇಕು. ದಾನಿಯೂ ಬರುತ್ತೇನೆಂದರು. ದೊಡ್ಡ ಮನುಷ್ಯರು, ಮಾತು ಮೃದು, ತಮ್ಮ ಫ್ಯಾಕ್ಟರಿ ಚಾವಣಿಯ ಸೋಲಾರಿನ ಬಗ್ಗೆ ಶುರುಮಾಡಿದರೆ ನಿಲ್ಲಿಸುವುದಿಲ್ಲ.

ಹಿಂದಿನ ಸಂಜೆಯೇ ಕಾರನ್ನು ನಮ್ಮ ಆಫೀಸಿನಲ್ಲಿ ಚಾರ್ಜಿಗೆ ಹಾಕಿದ್ದೆವು. ಬೆಳಿಗ್ಗೆ ನೋಡಿದರೆ ಚಾರ್ಜರಿನಲ್ಲಿ ಕೆಂಪು ದೀಪ. ಹಳೇ ಬಾಡಿಗೆ ಮನೆ, ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಸರಿಯಿಲ್ಲ. ಅರ್ಥ್ ಸಿಗದಿದ್ದರೆ ಕಾರು ಕರೆಂಟನ್ನೇ ಕುಡಿಯುವುದಿಲ್ಲ. ಮನೆ ಓನರನ್ನು ಕೇಳಿದರೆ, "ನನ್ನ ಗೋಡೆ ಕೊರೆಯುವುದು ಬೇಡ," ಎಂದು ಬಾಗಿಲು ಹಾಕಿಕೊಂಡರು. ಇದ್ದ ಚಾರ್ಜಿನಲ್ಲೇ ಹೊರಟೆವು. ಓಡುವಾಗ ಏನು ಚಂದ! ಅಲುಗಾಟವಿಲ್ಲ, ವಾಸನೆಯಿಲ್ಲ. ಸ್ಟಿಯರಿಂಗ್ ಹಿಡಿದ ಡ್ರೈವರಣ್ಣನ ಎಡಗೈ ಇಲ್ಲದ ಗೇರನ್ನು ಹುಡುಕುತ್ತಿತ್ತು. ಪೊಳ್ಳಾಚಿಯಲ್ಲಿ ತುಂಬಿಸೋಣವೆಂದು ಚಾರ್ಜಿಂಗ್ ಜಾಗಕ್ಕೆ ಹೋದರೆ ಒಂದು ಚಾರ್ಜಿಂಗ್ ಗನ್ ಕೆಟ್ಟಿದೆ, ಇನ್ನೊಂದಕ್ಕೆ ಯಾರೋ ಕಾರು ಸಿಕ್ಕಿಸಿ ಊಟಕ್ಕೆ ಹೋಗಿದ್ದಾರೆ. ಅವರು ಬರುವವರೆಗೂ ಕಾದೆವು. ಬಂದಮೇಲೆ ಆ್ಯಪು ಒಟಿಪಿ ಕೇಳಿತು, ಒಟಿಪಿ ಬರಲಿಲ್ಲ. ದಾನಿ ಮೂರು ಜನಕ್ಕೆ ಫೋನ್ ಮಾಡಿದರು. ಮೂರು ಜನವೂ ಆ್ಯಪನ್ನು ಅಳಿಸಿ ಮತ್ತೆ ಹಾಕಿ ಎಂದರು. ಸಾಕಾಯಿತು. "ಇರುವುದರಲ್ಲೇ ಹೋಗಿ ಬರೋಣ, ಏಸಿ ಆರಿಸಿ," ಅಂದೆ.

ಆ ಮನೆ ಮುಟ್ಟುವಾಗ ಹೊತ್ತು ಮೀರಿತ್ತು. ಕಾರು ಬಾಗಿಲಿಗೆ ಬಂದದ್ದು ಒಳಗೆ ಯಾರಿಗೂ ಕೇಳಿಸಲಿಲ್ಲ. ಅಮ್ಮ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡು ಎದ್ದೇಳಲು ಹೋಗಿ ಹಲ್ಲು ಕಚ್ಚಿದರು. ಮುಖ ಬೂದಿ ಬಣ್ಣ. ಕಟ್ಟು ಬಿಚ್ಚುವಾಗ ಮೊದಲೆಲ್ಲ ಮಾತಾಡುತ್ತಲೇ ಇರುತ್ತಿದ್ದವರು ಅವತ್ತು ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಂಡಿಕೊಂಡು ಸುಮ್ಮನಿದ್ದರು. ಇಷ್ಟು ನೋವು ಇರಬಾರದಿತ್ತು. ಮಾತ್ರೆ ತೋರಿಸಿ ಎಂದೆ. ಸೊಸೆ ಕಾಫಿಪುಡಿಯ ಹಳೇ ಡಬ್ಬಿ ತಂದಳು. ಒಳಗೆಲ್ಲ ಅರ್ಧ ಮಾತ್ರೆ, ಕಾಲು ಮಾತ್ರೆ.

"ಯಾಕಮ್ಮಾ ಮುರಿದಿರಿ?"

"ನಿಮ್ ವಂಡಿ ಯಾವಾಗ್ ಬರುತ್ತೋ ಗೊತ್ತಿಲ್ವಲ್ಲ ಅಮ್ಮಣಿ. ಅರ್ಧ ಅರ್ಧ ತಿಂದ್ರೆ ಮುಗಿಯಲ್ಲ. ನೋಡು, ಇನ್ನೂ ಇದೆ," ಅಂದರು. ಜಾಣತನ ಮಾಡಿದವರ ಹಾಗೆ ಸ್ವಲ್ಪ ನಕ್ಕರು ಕೂಡ.

ನಾನು ಹಿತ್ತಿಲಿಗೆ ಹೋಗಿ ತೆಂಗಿನ ಮರ ಹಿಡಿದು ನಿಂತೆ. ಫೋನಿನಲ್ಲಿ ಕೇಳಿದ್ದ ಆ 'ಇದೆ' ಎಲ್ಲವೂ ನೋವು ತಿಂದುಕೊಂಡು ಉಳಿಸಿದ್ದು. ನಾವು ಅಲ್ಲಿ ಡಿಕ್ಕಿಯ ಅಗಲ ಅಳೆಯುತ್ತಾ, ಶೋರೂಮಿನ ಕಾಫಿ ಕುಡಿಯುತ್ತಾ ಕೂತಿದ್ದೆವು. ಥೂ ನಮ್ಮ ಜನ್ಮಕ್ಕೆ!

ಹೊಸ ಮಾತ್ರೆ ಕೊಟ್ಟು, ಇಡೀ ಮಾತ್ರೆ ನುಂಗಬೇಕೆಂದು ಆಣೆ ಹಾಕಿಸಿ ಹೊರಗೆ ಬಂದರೆ ಇನ್ನೊಂದು ರಾಮಾಯಣ. ಪಾಳಿ ಮುಗಿಸಿ ಬಂದಿದ್ದ ಮಗ, ಕಾರಿನಲ್ಲಿ ಚಾರ್ಜು ಸಾಲದು ಎಂದು ತಿಳಿದು, ತಮ್ಮ ತುಂಡು ತೋಟದ ಮೋಟಾರ್ ಶೆಡ್ಡಿನಿಂದ ವೈರು ಎಳೆಯಲು ಹೊರಟಿದ್ದ. "ಅದು ಫ್ರೀ ಕರೆಂಟ್ ಅಕ್ಕಾ, ಎಷ್ಟು ಬೇಕೋ ತಗೊಳ್ಳಿ," ಅಂದ. ಬೇಸಾಯದ ಪಂಪಿಗೆಂದು ಸರ್ಕಾರ ಬಿಟ್ಟಿ ಕೊಡುವ ಕರೆಂಟಿನಲ್ಲಿ ಕಾರು ತುಂಬಿಸಿಕೊಂಡು ಸಿಕ್ಕಿಬಿದ್ದರೆ ಕೇಸು ಆಗುವುದು ಅವನ ಮೇಲೆ. ಬೇಡವೇ ಬೇಡ ಎಂದೆ. ದಾನಿ ನೆರಳಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ಮರಳುವಾಗ ಕಿಟಕಿ ತೆರೆದು ಮೆಲ್ಲಗೆ ಬಂದೆವು. ಕಾರು ಊರು ಮುಟ್ಟಿಸಿತು, ಸುಳ್ಳು ಹೇಳಬಾರದು. ಅದರ ತಪ್ಪು ಅಂತೇನೂ ಇರಲಿಲ್ಲ. ಗೋಡೆ ಸರಿಯಿಲ್ಲದ್ದು, ಗನ್ ಕೆಟ್ಟದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ. ಇನ್ನೂ ದೊಡ್ಡ ಬ್ಯಾಟರಿಯದಾದರೆ ಈ ಪಾಡೂ ಇರುತ್ತಿರಲಿಲ್ಲ, ಆದರೆ ದಾನಿ ಒಪ್ಪಿದ್ದು ಇದನ್ನೇ.

ಎರಡು ದಿನ ಬಿಟ್ಟು ಸಭೆ. ಹಳೇ ಕಾರನ್ನು ಒಯ್ಯಲು ಶೋರೂಮಿನವನು ಆಗಲೇ ಬಂದು ಹೊರಗೆ ಕೂತಿದ್ದ. ಕಾರ್ಯದರ್ಶಿ ಗೋಡೆಯ ಮೊಳೆಯಿಂದ ಬೀಗದ ಕೈ ತರಲು ಹೇಳಿದರು. ಎದ್ದು ಹೋಗಿ ತೆಗೆದುಕೊಂಡು ನನ್ನ ಕೋಟಿನ ಜೇಬಿಗೆ ಹಾಕಿಕೊಂಡೆ.

"ಇದನ್ನು ಕೊಡಲ್ಲ ಸಾರ್."

"ಏನು ಆಟ ಇದು?"

"ಆಟ ಅಲ್ಲ ಸಾರ್. ಹತ್ತು ವರ್ಷ ಓಡುವ ಕಾರು ಯಾವುದು ಅಂತ ಕೇಳಿದಿರಿ. ಎಲ್ಲ ಹೊಸದನ್ನೂ ನೋಡಿಸಿದಿರಿ, ಬಾಗಿಲಲ್ಲಿ ನಿಂತಿರುವುದನ್ನು ಯಾರೂ ನೋಡಲಿಲ್ಲ. ಇದರ ಎಂಜಿನ್ ಗಟ್ಟಿ ಇದೆ. ಇದನ್ನು ಕೆಡಿಸಿದ್ದು ಊರೊಳಗಿನ ತಿರುವುಗಳು. ಊರಿಗೆ ಎಲೆಕ್ಟ್ರಿಕ್ ಇಟ್ಟುಕೊಳ್ಳಿ, ಅದಕ್ಕೆ ನಿಂತು ನಿಂತು ಓಡುವುದೇ ವಾಸಿ, ಸದ್ದೂ ಇಲ್ಲ. ಓನರ್ ಗೋಡೆ ಕೊರೆಯಬೇಡ ಅಂದರೆ ಅಂಗಳದಲ್ಲಿ ಗುಂಡಿ ತೋಡಿ ಅರ್ಥಿಂಗ್ ಹಾಕಿಸಿ. ಇದು ಆನೈಮಲೈಗೆ ಮಾತ್ರ ಹೋಗಲಿ. ಹೋಗುವಾಗ ಎಲ್ಲೂ ನಿಲ್ಲದೆ ಒಂದೇ ಓಟ, ಮಸಿ ತಾನೇ ಸುಟ್ಟುಹೋಗುತ್ತೆ. ದಾರಿಯ ಮನೆಗಳನ್ನು ಬರುವಾಗ ನೋಡುತ್ತೇವೆ. ಒಂದೇ ಕಾರು ಅಂತ ಹಟ ಹಿಡಿದರೆ ಹೈಬ್ರಿಡ್ ತಗೊಳ್ಳಿ, ನನ್ನ ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡೇ ಹೋಗ್ತೀನಿ. ಆದರೆ ರೂಟು ಬಿಡಲ್ಲ."

ದಾನಿಗೆ ಬೇಸರವಾಯಿತು. "ನನ್ನ ಹೊಸ ಕಾರಿಗೆ ಊರೊಳಗಿನ ಗಲ್ಲಿ, ಆ ಹೊಗೆ ಗಾಡಿಗೆ ದೂರದ ರೂಟಾ?" ಎಂದರು. ಆನೈಮಲೈಯ ಮಾಸಾಣಿ ಅಮ್ಮನ ಗುಡಿಯಲ್ಲಿ ಕಾರಿಗೆ ಪೂಜೆ ಮಾಡಿಸಿ ಫೋಟೋ ತೆಗೆಸಬೇಕೆಂದಿದ್ದರಂತೆ. ಪೂಜೆಗೆ ಒಂದು ದಿನ ಹೋಗಿ ಬರೋಣ ಸಾರ್, ನಾನೇ ತೆಂಗಿನಕಾಯಿ ಹಿಡಿಯುತ್ತೇನೆ ಎಂದೆ. ನಗಲಿಲ್ಲ. ಎಕ್ಸ್‌ಚೇಂಜಿನ ರಿಯಾಯಿತಿ ಹೋಯಿತಲ್ಲ ಎಂದು ಕಾರ್ಯದರ್ಶಿ ಬಹಳ ಹೊತ್ತು ಗೊಣಗಿದರು. ಕೊನೆಗೆ, "ಆರು ತಿಂಗಳು ನೋಡೋಣ. ಅಷ್ಟರಲ್ಲಿ ಆ ಕಾರು ಒಂದು ಸಲ ದಾರಿಯಲ್ಲಿ ನಿಂತರೂ ಆನೈಮಲೈ ರೂಟು ಮುಚ್ಚುತ್ತೇನೆ," ಎಂದರು. ಗೆದ್ದೆ ಅನ್ನುವ ಹಾಗಿರಲಿಲ್ಲ. ಬೀಗದ ಕೈಯನ್ನು ಮೊಳೆಗೆ ಹಾಕದೆ ಜೇಬಿನಲ್ಲೇ ಇಟ್ಟುಕೊಂಡೆ.

ಹೊರಗೆ ಬಂದ ತಕ್ಷಣ ಆನೈಮಲೈಗೆ ಫೋನ್ ಮಾಡಿದೆ. "ಅಮ್ಮಾ, ಇನ್ನು ಒಂದು ಬುಧವಾರ ಬಿಟ್ಟು ಒಂದು ಬುಧವಾರ ತಪ್ಪದೆ ಬರ್ತೀವಿ. ಕಾರು ಸರಿಯಾಗಿದೆ. ಇಡೀ ಮಾತ್ರೆ ನುಂಗ್ತಿದ್ದೀರಿ ತಾನೇ?" ಎಂದು ಕೇಳಿದೆ.

ಆ ಕಡೆ ಡಬ್ಬಿಯ ಮುಚ್ಚಳ ಒತ್ತಿದ ಸದ್ದಾಯಿತು.

"ನೀ ಬಾ ಮೊದ್ಲು ಅಮ್ಮಣಿ," ಅಂದರು. "ವಂಡಿ ಬಾಗ್ಲಿಗೆ ಬಂದು ನಿಲ್ಲಲಿ. ಆಮೇಲೆ ಇಡೀದು ನುಂಗ್ತೀನಿ."